ಓದುಗರ ಪ್ರಶ್ನೆಗಳು: ಕೊಚ್ಚಿಯ ಸಂಜೆಗೆ ಯಾವ ದೋಣಿ?

ಎರಡು ಸಂಚಿಕೆಗಳ ಹಿಂದೆ ಕೊಚ್ಚಿಯ ಬಗ್ಗೆ ಬರೆಯುವಾಗ, ಸೂರ್ಯ ಮುಳುಗುವ ಹೊತ್ತಿಗೆ ನೀರಿನ ಮೇಲಿರಬೇಕು ಎಂದು ಒಂದೇ ಒಂದು ಸಾಲು ಸೇರಿಸಿ ಮುಂದಕ್ಕೆ ಹೋಗಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆ ಸಾಲನ್ನೇ ಹಿಡಿದು ಕೇಳುತ್ತಿವೆ: ಯಾವ ದೋಣಿ, ಎಷ್ಟು ದುಡ್ಡು, ಎಷ್ಟು ಹೊತ್ತಿಗೆ, ವಯಸ್ಸಾದವರನ್ನು ಕರೆದೊಯ್ಯಬಹುದೇ. ಸಾಲು ಬರೆದವನೇ ಸಾಲ ತೀರಿಸಬೇಕಲ್ಲವೇ? ಈ ಸಲದ ಪುಟವನ್ನು ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾವು ಮನೆಯ ಐದು ಮಂದಿ ಕೊಚ್ಚಿಗೆ ಹೊರಟಿದ್ದೇವೆ. ಅಲ್ಲಿನ ಮರೈನ್ ಡ್ರೈವ್‌ನಲ್ಲಿ ಸೂರ್ಯಾಸ್ತದ ವಿಹಾರಕ್ಕೆ ತಲೆಗೆ ಕೆಲವು ನೂರು ರೂಪಾಯಿ ಕೇಳುತ್ತಾರೆಂದು ತಿಳಿಯಿತು. ಐವರಿಗೆ ಲೆಕ್ಕ ಹಾಕಿದರೆ ಅದು ನಮ್ಮ ಒಂದು ದಿನದ ಊಟ ತಿಂಡಿಯ ಖರ್ಚು. ಇದಕ್ಕಿಂತ ಅಗ್ಗದ ದಾರಿ ಇದೆಯೇ? (ಹಾಸನದ ಓದುಗರು)

ಉತ್ತರ: ಇದೆ, ಮತ್ತು ನನಗೆ ಅದೇ ಹೆಚ್ಚು ಇಷ್ಟ. ಕೊಚ್ಚಿಯಲ್ಲಿ ಮರೈನ್ ಡ್ರೈವ್ ಇರುವ ಭಾಗವಾದ ಎರ್ನಾಕುಲಂನ ಜನ ಕೆಲಸಕ್ಕೆ, ಶಾಲೆಗೆ, ನೆಂಟರ ಮನೆಗೆ ಹೋಗಿಬರುವ ದೋಣಿಯನ್ನೇ ನೀವೂ ಹತ್ತಿ. ಅದರಲ್ಲಿ ಎರಡು ಬಗೆಗಳಿವೆ.

ಮೊದಲನೆಯದು ಕೇರಳ ರಾಜ್ಯ ಜಲಸಾರಿಗೆ ಇಲಾಖೆಯ ಹಳೆಯ ಬೋಟು. 1968ರಲ್ಲಿ ಆರಂಭವಾದ ಈ ಇಲಾಖೆ ನಮ್ಮ ಸಾರಿಗೆ ಸಂಸ್ಥೆ ಹಳ್ಳಿಗೆ ಬಸ್ಸು ಓಡಿಸುವಂತೆ ದ್ವೀಪಗಳಿಗೆ ಬೋಟು ಓಡಿಸುತ್ತದೆ. ಮರೈನ್ ಡ್ರೈವ್‌ನ ದಕ್ಷಿಣದ ತುದಿಯಲ್ಲಿ, ಸುಭಾಷ್ ಪಾರ್ಕಿನ ಬಳಿ, ಎರ್ನಾಕುಲಂನ ಮುಖ್ಯ ಜೆಟ್ಟಿ ಇದೆ. ಅಲ್ಲಿಂದ ನೀರಿನಾಚೆಯ ಹಳೆಯ ಊರಾದ ಫೋರ್ಟ್ ಕೊಚ್ಚಿಗೆ ಹತ್ತು ರೂಪಾಯಿಯೊಳಗೆ ಟಿಕೆಟ್ ಸಿಗುತ್ತದೆ. ಐವರು ಹೋಗಿ ಬಂದರೂ ನೂರು ರೂಪಾಯಿ ಮುಟ್ಟುವುದಿಲ್ಲ. ಎಂಜಿನ್ನಿನ ಸದ್ದು ಇರುತ್ತದೆ, ಡೀಸೆಲ್ ವಾಸನೆಯೂ ಇರುತ್ತದೆ, ಆದರೆ ಕಿಟಕಿಗೆ ಗಾಜಿಲ್ಲ, ಗಾಳಿ ನೇರವಾಗಿ ಮುಖಕ್ಕೆ ಬಡಿಯುತ್ತದೆ.

ಎರಡನೆಯದು ಕೊಚ್ಚಿ ವಾಟರ್ ಮೆಟ್ರೊ. 2023ರ ಏಪ್ರಿಲ್ ಕೊನೆಯ ವಾರದಲ್ಲಿ ಮರೈನ್ ಡ್ರೈವ್ ಬಳಿಯ ಹೈಕೋರ್ಟ್ ಜೆಟ್ಟಿ ಮತ್ತು ನೀರಿನಾಚೆಯ ವೈಪಿನ್ ದ್ವೀಪದ ನಡುವೆ ಇದರ ಮೊದಲ ಮಾರ್ಗ ಜನರಿಗೆ ತೆರೆಯಿತು. ಫೋರ್ಟ್ ಕೊಚ್ಚಿಯ ಮಾರ್ಗ ಮರುವರ್ಷ ಸೇರಿಕೊಂಡಿತು. ಅದೇ ಊರಿನ ಕೊಚ್ಚಿನ್ ಶಿಪ್‌ಯಾರ್ಡಿನಲ್ಲಿ ಕಟ್ಟಿದ, ಬ್ಯಾಟರಿಯಿಂದ ಓಡುವ, ನೂರು ಜನ ಹಿಡಿಸುವ ಹವಾನಿಯಂತ್ರಿತ ದೋಣಿಗಳಿವು. ಹೈಕೋರ್ಟಿನಿಂದ ವೈಪಿನ್‌ಗೆ 20 ರೂಪಾಯಿ, ಫೋರ್ಟ್ ಕೊಚ್ಚಿಗೆ 40 ರೂಪಾಯಿ ಎಂದು ಆರಂಭಿಸಿದರು. ಹೊರಡುವ ಮುನ್ನ ಇಂದಿನ ದರವನ್ನು ಕೌಂಟರಿನಲ್ಲಿ ಒಮ್ಮೆ ಕೇಳಿಕೊಳ್ಳಿ. ಒಳಗೆ ಸದ್ದೇ ಇಲ್ಲ, ಕಿಟಕಿಗಳು ದೊಡ್ಡವು. ಆದರೆ ಗಾಜು ತೆರೆಯುವುದಿಲ್ಲವಾದ್ದರಿಂದ, ಸಂಜೆಯ ಫೋಟೊದಲ್ಲಿ ಸೂರ್ಯನ ಜೊತೆಗೆ ನಿಮ್ಮ ಮುಖದ ನೆರಳೂ ಮೂಡುತ್ತದೆ. ಹೋಗುವಾಗ ಒಂದು, ಬರುವಾಗ ಇನ್ನೊಂದು ಎಂದು ಎರಡನ್ನೂ ಅನುಭವಿಸುವುದು ಒಳ್ಳೆಯದು.

ದಾರಿಯಲ್ಲಿ ಕಾಣುವುದೇನು ಎಂದರೆ, ಕ್ರೂಸಿನವರು ಮೈಕಿನಲ್ಲಿ ಹೇಳುವ ಬಹುಪಾಲು ಸ್ಥಳಗಳೇ. ಹೈಕೋರ್ಟಿನಿಂದ ಹೊರಟ ದೋಣಿಯ ಬಲಕ್ಕೆ ಬೋಳ್ಗಾಟ್ಟಿ ದ್ವೀಪ. ಅಲ್ಲಿನ ಅರಮನೆಯನ್ನು 1744ರಲ್ಲಿ ಡಚ್ಚರು ಕಟ್ಟಿದರು, ಮುಂದೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿಗಳಾದ ರೆಸಿಡೆಂಟರು ಅಲ್ಲಿದ್ದರು, ಈಗ ಅದು ಕೇರಳ ಪ್ರವಾಸೋದ್ಯಮ ನಿಗಮದ ಹೋಟೆಲು. ಅದರಾಚೆ ವಲ್ಲಾರ್‌ಪಾಡಂ, ಕಂಟೇನರ್ ಎತ್ತುವ ದೈತ್ಯ ಕ್ರೇನುಗಳ ಸಾಲು. ಎಡಕ್ಕೆ ಉದ್ದಕ್ಕೂ ಚಾಚಿಕೊಂಡಿರುವುದು ವಿಲ್ಲಿಂಗ್ಡನ್ ದ್ವೀಪ, ಮತ್ತು ಇದನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಇದರ ಬಹುಭಾಗ ದೇವರು ಮಾಡಿದ ನೆಲವಲ್ಲ. ಅಳಿವೆಯ ಬಾಯಿಗೆ ಅಡ್ಡಲಾಗಿದ್ದ ಮರಳು ದಿಬ್ಬದಿಂದಾಗಿ ದೊಡ್ಡ ಹಡಗುಗಳು ಒಳಗೆ ಬರಲಾಗದೆ ಹೊರಗಿನ ಕಡಲಿನಲ್ಲೇ ಲಂಗರು ಹಾಕುತ್ತಿದ್ದ ಕಾಲದಲ್ಲಿ, ರಾಬರ್ಟ್ ಬ್ರಿಸ್ಟೊ ಎಂಬ ಎಂಜಿನಿಯರ್ 1920ರ ದಶಕದಲ್ಲಿ ಆ ದಿಬ್ಬವನ್ನು ಕಡಿದು, ಹಡಗುಗಳ ದಾರಿಯನ್ನು ಆಳಗೊಳಿಸಿ, ತೆಗೆದ ಹೂಳನ್ನೇ ಹಿನ್ನೀರಿನಲ್ಲಿ ಸುರಿಸಿ ಈ ದ್ವೀಪವನ್ನು ಎಬ್ಬಿಸಿದ. 1928ರಲ್ಲಿ ಪದ್ಮಾ ಎಂಬ ಹಡಗು ಆ ಹೊಸ ದಾರಿಯಿಂದ ಒಳಬಂದರಿಗೆ ಬಂತು. ನೀವು ಕುಳಿತ ಸಣ್ಣ ದೋಣಿ ಇಂದು ದಾಟುವುದು ಅದೇ ಹಡಗುದಾರಿಯನ್ನು. ಕೆಲವೊಮ್ಮೆ ದೊಡ್ಡ ಹಡಗೊಂದು ಬರುತ್ತಿದ್ದರೆ ದೋಣಿಯವನು ವೇಗ ತಗ್ಗಿಸಿ ಕಾಯುತ್ತಾನೆ. ಆ ಕಾಯುವಿಕೆಗೆ ಹೆಚ್ಚಿನ ಹಣವಿಲ್ಲ.

ಪ್ರಶ್ನೆ: ಎಷ್ಟು ಗಂಟೆಯ ದೋಣಿ ಹತ್ತಬೇಕು? ಯಾವ ಪಕ್ಕದಲ್ಲಿ ಕುಳಿತರೆ ಸೂರ್ಯ ಕಾಣುತ್ತಾನೆ? (ತುಮಕೂರಿನ ಪದವಿ ವಿದ್ಯಾರ್ಥಿ)

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ, ಅದಕ್ಕಾಗಿ ನಿಮಗೆ ಧನ್ಯವಾದ. ಕೊಚ್ಚಿಯಲ್ಲಿ ಸೂರ್ಯಾಸ್ತದ ವೇಳೆ ವರ್ಷದುದ್ದಕ್ಕೂ ಸುಮಾರು 50 ನಿಮಿಷಗಳಷ್ಟು ಹಿಂದೆ ಮುಂದೆ ಆಗುತ್ತದೆ. ನವೆಂಬರ್ ನಡುವಿನಲ್ಲಿ ಆರು ಗಂಟೆಗೇ ಮುಳುಗುವ ಸೂರ್ಯ ಫೆಬ್ರುವರಿಯಲ್ಲಿ ಆರೂವರೆಗೆ, ಜುಲೈ ಆರಂಭದಲ್ಲಿ ಆರು ಐವತ್ತರ ಹೊತ್ತಿಗೆ ಮುಳುಗುತ್ತಾನೆ. ಹೈಕೋರ್ಟಿನಿಂದ ಫೋರ್ಟ್ ಕೊಚ್ಚಿಗೆ ವಾಟರ್ ಮೆಟ್ರೊದಲ್ಲಿ ಇಪ್ಪತ್ತು ನಿಮಿಷದ ಪಯಣ. ಆದ್ದರಿಂದ ಸೂರ್ಯ ಮುಳುಗುವಾಗ ನೀರಿನ ಮೇಲೆಯೇ ಇರಬೇಕೆಂದರೆ ಅದಕ್ಕೆ ಹತ್ತು ಹದಿನೈದು ನಿಮಿಷ ಮುಂಚೆ ಹೊರಡುವ ದೋಣಿ ಹತ್ತಿ.

ದೋಣಿ ಸಾಗುವುದು ಹೆಚ್ಚುಕಡಿಮೆ ನೈಋತ್ಯಕ್ಕೆ. ಡಿಸೆಂಬರಿನಲ್ಲಿ ಸೂರ್ಯನೂ ನೈಋತ್ಯದ ಕಡೆಗೇ ವಾಲುವುದರಿಂದ ಅವನು ದೋಣಿಯ ಮೂತಿಯ ನೇರಕ್ಕೆ ಬರುತ್ತಾನೆ. ಆಗ ಎಡ ಬಲದ ಚಿಂತೆ ಬಿಟ್ಟು ಮುಂದಿನ ಸಾಲಿನಲ್ಲಿ ಜಾಗ ಹಿಡಿಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ಅವನು ಪಶ್ಚಿಮದಿಂದ ಉತ್ತರಕ್ಕೆ ಸರಿದಿರುತ್ತಾನೆ, ಆದ್ದರಿಂದ ಬಲಬದಿಯ ಕಿಟಕಿಯೇ ಸರಿ.

ಆದರೆ ಒಂದು ಮಾತು. ಮರೈನ್ ಡ್ರೈವ್ ಎಂಬ ಹೆಸರು ಕೇಳಿ ಮುಂಬೈಯನ್ನು ನೆನೆದುಕೊಂಡು ಬಂದವರು ಇಲ್ಲಿ ಸ್ವಲ್ಪ ನಿರಾಶರಾಗುತ್ತಾರೆ. ಈ ದಂಡೆಯ ಮುಂದಿರುವುದು ಕಡಲಲ್ಲ, ವೇಂಬನಾಡಿನ ಹಿನ್ನೀರು. ಇಲ್ಲಿಂದ ನೋಡಿದರೆ ಸೂರ್ಯ ದ್ವೀಪಗಳ ತೆಂಗಿನ ಸಾಲು ಮತ್ತು ಕ್ರೇನುಗಳ ಹಿಂದೆ ಮರೆಯಾಗುತ್ತಾನೆಯೇ ಹೊರತು ನೀರಿಗೆ ಇಳಿಯುವುದಿಲ್ಲ. ಅವನು ಅರಬ್ಬೀ ಸಮುದ್ರದಲ್ಲಿ ಮುಳುಗುವುದನ್ನೇ ಕಾಣಬೇಕೆಂದಿದ್ದರೆ, ಸೂರ್ಯಾಸ್ತಕ್ಕೆ ಒಂದು ಗಂಟೆ ಮುಂಚಿನ ದೋಣಿಯಲ್ಲಿ ಹೊರಟು, ಬಂಗಾರದ ಬಿಸಿಲಿನಲ್ಲಿ ನೀರನ್ನು ದಾಟಿ, ಫೋರ್ಟ್ ಕೊಚ್ಚಿಯಲ್ಲಿ ಇಳಿದು, ಹತ್ತು ನಿಮಿಷ ನಡೆದು ಚೀನಾ ಬಲೆಗಳ ಬಳಿಯ ದಂಡೆಗೆ ಹೋಗಿ. ಕಲ್ಲುಗಳನ್ನು ತೂಕಕ್ಕೆ ಕಟ್ಟಿದ ಆ ಬಲೆಗಳು ನಾಲ್ಕಾರು ಜನರ ಹಗ್ಗದೆಳೆತಕ್ಕೆ ಏಳುತ್ತಾ ಇಳಿಯುತ್ತಾ ಇರುವಾಗ ಅವುಗಳ ನಡುವೆ ಸೂರ್ಯನನ್ನು ನೋಡುವುದು ಬಿಟ್ಟಿ. ಅಳಿವೆಯ ಬಾಯಲ್ಲಿ ಡಾಲ್ಫಿನ್‌ಗಳು ಬೆನ್ನು ತೋರಿಸುವುದೂ ಉಂಟು. ಆದರೆ ಅವುಗಳನ್ನು ನಂಬಿ ಮಕ್ಕಳಿಗೆ ಮಾತು ಕೊಡಬೇಡಿ.

ಹಿಂದಿರುಗುವ ದೋಣಿಯಲ್ಲಿ ಕತ್ತಲಾಗಿರುತ್ತದೆ, ಎದುರಿಗೆ ಎರ್ನಾಕುಲಂನ ದೀಪಗಳು ನೀರಿನಲ್ಲಿ ಉದ್ದುದ್ದ ಗೆರೆಯೆಳೆದಿರುತ್ತವೆ. ಹೋಗುವ ದಾರಿಗಿಂತ ಬರುವ ದಾರಿಯೇ ಚೆಲುವು ಎಂದು ನಾನು ವಾದಿಸಬಲ್ಲೆ. ತೊಂದರೆಯೆಂದರೆ ಭಾನುವಾರ ಮತ್ತು ರಜೆಯ ದಿನಗಳಲ್ಲಿ ಸೂರ್ಯ ಮುಳುಗಿದ ಕೂಡಲೇ ಇಡೀ ದಂಡೆಯ ಜನ ಒಂದೇ ಜೆಟ್ಟಿಗೆ ನುಗ್ಗುತ್ತಾರೆ. ಇಳಿದ ತಕ್ಷಣ ಕೊನೆಯ ದೋಣಿಯ ಸಮಯ ಕೇಳಿಟ್ಟುಕೊಳ್ಳಿ. ಸರತಿ ವಿಪರೀತ ಉದ್ದವಾಗಿದ್ದರೆ, ಪಕ್ಕದಲ್ಲೇ ವಾಹನಗಳನ್ನು ಹೊತ್ತು ದಾಟಿಸುವ ರೋ-ರೋ ಇದೆ. ಅದರಲ್ಲಿ ಕೆಲವೇ ನಿಮಿಷದಲ್ಲಿ ಎದುರಿನ ವೈಪಿನ್ ಸೇರಿ, ಅಲ್ಲಿಂದ ಗೋಶ್ರೀ ಸೇತುವೆಗಳ ಮೇಲಿನ ಬಸ್ಸು ಹಿಡಿದರೆ ಹೈಕೋರ್ಟ್ ಜಂಕ್ಷನ್ ತಲುಪುತ್ತೀರಿ. ಊರಿನವರು ಮಾಡುವುದೂ ಅದನ್ನೇ.

ಪ್ರಶ್ನೆ: ನನ್ನ ತಾಯಿಗೆ ಮಂಡಿನೋವು; ದೂರ ನಡೆಯುವಾಗ ಗಾಲಿಕುರ್ಚಿ ಬೇಕು. ದೋಣಿ ಹತ್ತಿಸುವುದು ಸಾಧ್ಯವೇ? (ಮೈಸೂರಿನ ಓದುಗರು)

ಉತ್ತರ: ವಾಟರ್ ಮೆಟ್ರೊ ಆದರೆ ಧಾರಾಳವಾಗಿ ಕರೆದೊಯ್ಯಿರಿ. ಅಲ್ಲಿ ದೋಣಿ ಬಂದು ತಾಗುವುದು ತೇಲುವ ಕಟ್ಟೆಗೆ. ಭರತ ಇಳಿತಕ್ಕೆ ತಕ್ಕಂತೆ ಕಟ್ಟೆಯೂ ದೋಣಿಯೂ ಒಟ್ಟಿಗೆ ಏರಿ ಇಳಿಯುವುದರಿಂದ ನಡುವೆ ಮೆಟ್ಟಿಲಿನ ಎತ್ತರವೇ ಇರುವುದಿಲ್ಲ, ಗಾಲಿಕುರ್ಚಿ ನೇರವಾಗಿ ಒಳಗೆ ಹೋಗುತ್ತದೆ. ಹಳೆಯ ಬೋಟಿನಲ್ಲಿ ಹಾಗಲ್ಲ. ಅಲ್ಲಿ ಕಟ್ಟೆಯಿಂದ ದೋಣಿಯ ಅಂಚಿಗೆ ಕಾಲೆತ್ತಿ ಇಡಬೇಕು, ದೋಣಿ ಅಲುಗುತ್ತಿರುತ್ತದೆ, ಹಿಂದಿನವರಿಗೆ ಅವಸರ. ತಾಯಿಯವರನ್ನು ಅದಕ್ಕೆ ಹತ್ತಿಸಬೇಡಿ.

ಪ್ರಶ್ನೆ: ಇಷ್ಟು ಅಗ್ಗದ ದೋಣಿ ಇರುವಾಗ ಜನ ವಿಹಾರದ ಬೋಟಿಗೆ ದುಡ್ಡು ಕೊಡುವುದೇಕೆ? ಮೋಸ ಹೋಗುತ್ತಿದ್ದಾರೆಯೇ? (ಬೆಂಗಳೂರಿನ ದಂಪತಿ)

ಉತ್ತರ: ಇಲ್ಲ, ಹಾಗೆನ್ನಲಾಗದು. ಸಾರ್ವಜನಿಕ ದೋಣಿಯ ಕೆಲಸ ನಿಮ್ಮನ್ನು ಆಚೆ ದಡಕ್ಕೆ ಮುಟ್ಟಿಸುವುದು. ಅದು ಸೂರ್ಯನಿಗಾಗಿ ನಿಲ್ಲುವುದಿಲ್ಲ. ವಿಹಾರದ ಬೋಟಿನಲ್ಲಿ ಸಾಮಾನ್ಯವಾಗಿ ತೆರೆದ ಮೇಲಟ್ಟ ಇರುತ್ತದೆ, ಒಂದೆರಡು ಗಂಟೆ ನೀರಿನ ಮೇಲೆಯೇ ಇರಬಹುದು, ಇಳಿದು ಮತ್ತೆ ಸರತಿ ನಿಲ್ಲುವ ಕಷ್ಟವಿಲ್ಲ. ಕೇರಳ ಸರ್ಕಾರದ ಹಡಗು ಮತ್ತು ಒಳನಾಡು ಜಲಸಾರಿಗೆ ನಿಗಮ ನಡೆಸುವ ಸಾಗರರಾಣಿ ಬಹಳ ಕಾಲದಿಂದ ಪ್ರವಾಸಿಗರನ್ನು ಅಳಿವೆಯಾಚೆಗೂ ಕರೆದೊಯ್ಯುತ್ತಿದೆ; ಅದೇ ನಿಗಮದ ನೆಫರ್ಟಿಟಿ ಎಂಬ ಹಡಗು ದೊಡ್ಡದು, ಅದರ ಟಿಕೆಟ್ಟೂ ದೊಡ್ಡದು. ಜಲಸಾರಿಗೆ ಇಲಾಖೆಯೂ ಇಂದ್ರ ಎಂಬ ಸೌರಶಕ್ತಿಯ ಎರಡಂತಸ್ತಿನ ವಿಹಾರದ ದೋಣಿಯನ್ನು ಕೊಚ್ಚಿಗೆ ತಂದಿದೆ. ಹಣ ಕೊಡುವುದೇ ಆದರೆ ನಾನು ಮೊದಲು ಕೇಳುವುದು ಇಂತಹ ಸರ್ಕಾರಿ ಕೌಂಟರುಗಳಲ್ಲಿ. ದರವನ್ನು ಬರೆದು ಹಾಕಿರುತ್ತಾರೆ, ಚೌಕಾಸಿಯ ತಲೆನೋವಿಲ್ಲ.

ನಾನು ಒಮ್ಮೆ ಚೌಕಾಸಿಗೆ ಇಳಿದು ಕೆಟ್ಟೆ. ಮರೈನ್ ಡ್ರೈವ್‌ನ ದಂಡೆಯಲ್ಲಿ ಅಡ್ಡ ಬಂದ ದಲ್ಲಾಳಿಯೊಬ್ಬ ಸೂರ್ಯಾಸ್ತ ತೋರಿಸಿಕೊಡುತ್ತೇನೆಂದು ಅರ್ಧ ಬೆಲೆಗೆ ಒಪ್ಪಿಸಿ ಒಂದು ಖಾಸಗಿ ಬೋಟಿಗೆ ಹತ್ತಿಸಿದ. ಬೋಟು ತುಂಬಲಿ ಎಂದು ಮುಕ್ಕಾಲು ಗಂಟೆ ಕಟ್ಟೆಯಲ್ಲೇ ನಿಲ್ಲಿಸಿದರು. ಹೊರಟಾಗ ಸೂರ್ಯ ಕ್ರೇನುಗಳ ಹಿಂದೆ ಹೋಗಿಯಾಗಿತ್ತು, ಉಳಿದದ್ದು ಕಿವಿ ಕೊರೆಯುವ ಹಾಡು ಮಾತ್ರ. ಅಂದಿನಿಂದ ನಾನು ಟಿಕೆಟ್ ಕೊಳ್ಳುವ ಮುಂಚೆ ಮೂರು ಪ್ರಶ್ನೆ ಕೇಳುತ್ತೇನೆ: ಎಷ್ಟು ಗಂಟೆಗೆ ಹೊರಡುತ್ತದೆ, ಜನ ತುಂಬದಿದ್ದರೂ ಹೊರಡುತ್ತದೆಯೇ, ಮೇಲಟ್ಟಕ್ಕೆ ಬೇರೆ ಹಣವೇ?

ಪ್ರಶ್ನೆ: ಕೇರಳದ ದೋಣಿ ದುರಂತಗಳ ಸುದ್ದಿ ಓದಿದ ಮೇಲೆ ಮಕ್ಕಳನ್ನು ಸಂಜೆ ದೋಣಿಗೆ ಕರೆದೊಯ್ಯಲು ಭಯವಾಗುತ್ತದೆ. (ದಾವಣಗೆರೆಯ ಗೃಹಿಣಿ)

ಉತ್ತರ: ಭಯ ಆಧಾರವಿಲ್ಲದ್ದಲ್ಲ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ, ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ ಮಾಡಿದ್ದ ವಿಹಾರದ ಬೋಟು, ಕತ್ತಲಾಗುತ್ತಿದ್ದ ಹೊತ್ತಿನಲ್ಲಿ ಮಿತಿಮೀರಿ ಜನರನ್ನು ಹತ್ತಿಸಿಕೊಂಡು ಹೋಗಿ ಮಗುಚಿ 22 ಜನ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಸಾರ್ವಜನಿಕ ದೋಣಿಗೆ ಅಪಾಯವೇ ಇಲ್ಲವೆಂದೂ ನಾನು ಹೇಳಲಾರೆ: 2015ರ ಆಗಸ್ಟ್‌ನಲ್ಲಿ ಫೋರ್ಟ್ ಕೊಚ್ಚಿಯ ಕಡವಿನ ಬಳಿಯೇ ಮೀನುಗಾರಿಕೆಯ ದೋಣಿಯೊಂದು ಗುದ್ದಿ ಪ್ರಯಾಣಿಕರ ಬೋಟು ಮುಳುಗಿ 11 ಜನ ಸತ್ತರು. ಕರ್ನಾಟಕದವರಿಗೆ 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುವಾಗ ಮಗುಚಿದ ದೋಣಿಯ ನೆನಪೂ ಇರಬೇಕು.

ಹತ್ತುವ ಮುಂಚೆ ನೀವೇ ನೋಡಬಹುದಾದ ಗುರುತುಗಳಿವೆ. ಎಷ್ಟು ಜನರಿಗೆ ಪರವಾನಗಿ ಇದೆ ಎಂಬ ಸಂಖ್ಯೆ ದೋಣಿಯ ಮೇಲೆ ಬರೆದಿರಬೇಕು. ಹತ್ತಿದವರನ್ನು ಯಾರಾದರೂ ಎಣಿಸುತ್ತಿದ್ದಾರೆಯೇ ಗಮನಿಸಿ. ವಾಟರ್ ಮೆಟ್ರೊದಲ್ಲಿ ಈ ಎಣಿಕೆ ಗೇಟಿನಲ್ಲಿಯೇ ಆಗಿಬಿಡುತ್ತದೆ, ನನಗೆ ಅದರ ಮೇಲೆ ಹೆಚ್ಚು ನಂಬಿಕೆ ಇರುವುದಕ್ಕೆ ಅದೇ ಕಾರಣ. ಲೈಫ್ ಜಾಕೆಟ್ ಚಾವಣಿಗೆ ಕಟ್ಟಿ ತೂಗುಬಿಟ್ಟಿದ್ದರೆ ಸಾಲದು, ಕೈಗೆ ಸಿಗಬೇಕು, ಮಕ್ಕಳ ಅಳತೆಯದೂ ಇರಬೇಕು. ವಿಹಾರದ ಬೋಟಿನಲ್ಲಿ ನಾಚಿಕೆ ಬಿಟ್ಟು ತೊಡಿಸಿ. ಎಲ್ಲರೂ ಸೂರ್ಯನನ್ನು ನೋಡಲು ಮೇಲಟ್ಟದ ಒಂದೇ ಪಕ್ಕಕ್ಕೆ ಸರಿದಾಗ ಸಣ್ಣ ದೋಣಿ ಆ ಬದಿಗೆ ವಾಲುತ್ತದೆ. ಮೇಲೆ ಭಾರ ಹೆಚ್ಚಿದಷ್ಟೂ ವಾಲುವುದು ಸುಲಭ. ಆದ್ದರಿಂದ ಮಕ್ಕಳೊಂದಿಗೆ ಕೆಳಗಿನ ಅಂತಸ್ತಿನಲ್ಲಿ ಕುಳಿತುಕೊಳ್ಳಿ. ಜೂನ್‌ನಿಂದ ಮಳೆಗಾಲ ಪೂರ್ತಿ, ಮತ್ತು ಮಧ್ಯಾಹ್ನದ ಮೇಲೆ ಗುಡುಗು ಮಿಂಚು ಕವಿಯುವ ಅಕ್ಟೋಬರ್, ನವೆಂಬರ್ ದಿನಗಳಲ್ಲಿ ಸಂಜೆಯ ವಿಹಾರಕ್ಕೆಂದು ಮುಂಗಡ ಹಣ ಕಟ್ಟಬೇಡಿ. ಡಿಸೆಂಬರಿನಿಂದ ಫೆಬ್ರುವರಿ ಹಿತವಾದ ಕಾಲ.

ಪ್ರಶ್ನೆ: ಹಿನ್ನೀರು, ಅಳಿವೆ ಎಲ್ಲ ನಮ್ಮಲ್ಲೂ ಇರುವಾಗ ಇದಕ್ಕಾಗಿ ಕೊಚ್ಚಿಗೇ ಹೋಗಬೇಕೇ? (ಮಂಗಳೂರಿನ ಓದುಗರು)

ಉತ್ತರ: ನಿಮ್ಮ ಕುಟುಕು ಅರ್ಥವಾಯಿತು. ಮಂಗಳೂರಿನ ಸುಲ್ತಾನ್ ಬತ್ತೇರಿಯಿಂದ ಗುರುಪುರ ನದಿಯನ್ನು ದಾಟಿ ತಣ್ಣೀರುಬಾವಿಗೆ ಹೋಗುವ ದೋಣಿ ನನಗೂ ಪ್ರಿಯವೇ. ಕೆಲವೇ ನಿಮಿಷದ ಕಡವು, ಸಣ್ಣ ಮೊತ್ತ, ಇಳಿದು ನಡೆದರೆ ಎದುರಿಗೆ ಪೂರ್ತಿ ಕಡಲು. ಸೂರ್ಯ ಅಲ್ಲಿ ಯಾವ ಕ್ರೇನಿನ ಹಿಂದೆಯೂ ಅಡಗುವುದಿಲ್ಲ. ಹಾಗೆ ನೋಡಿದರೆ ಸೂರ್ಯಾಸ್ತ ನಿಮ್ಮಲ್ಲೇ ಹೆಚ್ಚು ಚೆಂದ. ಕೊಚ್ಚಿಯಲ್ಲಿ ಸಿಗುವುದು ಬೇರೆ: ಬಂದರು, ದ್ವೀಪ, ಅರಮನೆ, ಹಡಗುಕಟ್ಟೆ, ಬಲೆಗಳೆಲ್ಲ ಒಂದೇ ಟಿಕೆಟ್ಟಿನ ದಾರಿಯಲ್ಲಿ ಸಾಲಾಗಿ ಬರುವ ನಗರ. ನೇತ್ರಾವತಿ, ಗುರುಪುರ ನದಿಗಳಲ್ಲೂ ವಾಟರ್ ಮೆಟ್ರೊ ತರುವ ಪ್ರಸ್ತಾವವನ್ನು ಕರ್ನಾಟಕ ಸರ್ಕಾರ ಮುಂದಿಟ್ಟಿದೆ. ಅದು ನೀರಿಗಿಳಿದ ದಿನ ಮೊದಲ ಸಂಜೆಯ ದೋಣಿಗೆ ನನ್ನ ಹೆಸರಿನಲ್ಲೂ ಒಂದು ಟಿಕೆಟ್ ತೆಗೆದಿಡಿ, ಸಾಧ್ಯವಾದರೆ ಕಿಟಕಿಗೆ ಗಾಜಿಲ್ಲದ ಕಡೆ.