ಹಳ್ಳದ ಒದ್ದೆ ಮರಳಿನಲ್ಲಿ ಚಿಟ್ಟೆ ಹುಡುಕಿ

ಪ್ರಶ್ನೆ: ಏಪ್ರಿಲ್‌ನಲ್ಲಿ ಬಿಸಿಲೆ ಘಾಟಿಯ ಕಡೆ ಚಾರಣಕ್ಕೆ ಹೊರಟಿದ್ದೇವೆ. ಮೊಬೈಲ್ ಹತ್ತಿರ ಒಯ್ದರೆ ಸಾಕು, ಚಿಟ್ಟೆ ಹಾರಿಹೋಗುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಹಾಸನ

ಉತ್ತರ: ಚಿಟ್ಟೆಯ ಬೆನ್ನು ಹತ್ತಬೇಡಿ, ಅದು ಬಂದು ಕೂರುವ ಜಾಗ ಹುಡುಕಿ. ಬೇಸಿಗೆಯಲ್ಲಿ ಹಳ್ಳದ ನೀರು ಇಳಿದು ಒದ್ದೆ ಮರಳು ಉಳಿದಿರುತ್ತದಲ್ಲ, ಅಲ್ಲಿ ಗಂಡು ಚಿಟ್ಟೆಗಳು ಗುಂಪಾಗಿ ಕುಳಿತು ಉಪ್ಪಿನಂಶ ಹೀರುತ್ತವೆ. ಆಗ ಅವುಗಳಿಗೆ ಸುತ್ತಲಿನ ಪರಿವೆ ಕಡಿಮೆ. ನಾನಂತೂ ಚೀಲ ಕೆಳಗಿಟ್ಟು, ಮಂಡಿಯೂರಿಯೇ ಮುಂದೆ ಸರಿಯುತ್ತೇನೆ. ನಿಮ್ಮ ನೆರಳು ಮಾತ್ರ ಅವುಗಳ ಮೇಲೆ ಬೀಳಬಾರದು. ನೆರಳು, ದಿಢೀರ್ ಚಲನೆ ಎರಡಕ್ಕೂ ಚಿಟ್ಟೆ ಬೆದರುತ್ತದೆ. ರೆಕ್ಕೆ ಮಡಚಿ ಕುಳಿತಿದ್ದರೆ ಮೊಬೈಲನ್ನು ರೆಕ್ಕೆಗೆ ಸಮಾನಾಂತರವಾಗಿ ಹಿಡಿಯಿರಿ, ಇಡೀ ರೆಕ್ಕೆ ಸ್ಪಷ್ಟವಾಗಿ ಮೂಡುತ್ತದೆ.

ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಎದುರಾದರೆ ಅದೃಷ್ಟ! ಮುಂದಿನ ರೆಕ್ಕೆ ಕಪ್ಪು, ಹಿಂದಿನದು ಹೊಂಬಣ್ಣ. ಹೂವಿಗೆ ಇಳಿದಾಗಲೂ ರೆಕ್ಕೆ ಬಡಿಯುತ್ತಿರುತ್ತದೆ, ಹಾಗಾಗಿ ಒಂದರ ಹಿಂದೊಂದು ಹಲವು ಚಿತ್ರ ತೆಗೆಯಿರಿ.

ಚಿತ್ರಕ್ಕಾಗಿ ಚಿಟ್ಟೆಯನ್ನು ಹಿಡಿದು ಎಲೆಯ ಮೇಲೆ ಕೂರಿಸುವುದನ್ನು ನಾನು ಸಹಿಸಲಾರೆ. ಬಣ್ಣ ಹೊತ್ತ ಸಣ್ಣ ಹುರುಪೆಗಳು ಬೆರಳಿಗೆ ಅಂಟಿ ಉದುರುತ್ತವೆ, ಮತ್ತೆ ಬೆಳೆಯುವುದಿಲ್ಲ. ದಯವಿಟ್ಟು ಮುಟ್ಟಬೇಡಿ.

ಹೊರಡುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಕಾಳ್ಗಿಚ್ಚಿನ ಭಯಕ್ಕೆ ಬೇಸಿಗೆಯಲ್ಲಿ ಚಾರಣದ ಹಾದಿಗಳನ್ನು ಮುಚ್ಚುವುದುಂಟು.