ಗುಂಡು ಯಾವ ರಿವಾಲ್ವರಿನದು?

ಪ್ರಶ್ನೆ: ಅಮೆರಿಕದಲ್ಲಿ ಕಪ್ಪು ಜನರಿಗೆ ವಿನಾಕಾರಣ ಗಲ್ಲು ಅಂತೀರಲ್ಲ ಸಾರ್, ಅವರಿಗೆ ವಕೀಲರೇ ಇರೋದಿಲ್ವೆ? – ಓದುಗರು, ತಿಪಟೂರು

ಉತ್ತರ: ಇರ್ತಾರೆ ಸ್ವಾಮಿ. ಅಲಬಾಮಾದ ಬಡ ಕಪ್ಪು ಯುವಕ ಆಂಥೋನಿ ರೇ ಹಿಂಟನ್‌ಗೂ ಒಬ್ಬರಿದ್ದರು. 1985ರಲ್ಲಿ ಎರಡು ಕೊಲೆಗಳ ಆರೋಪ. ಮುಖ್ಯ ಸಾಕ್ಷ್ಯ, ತಾಯಿಯ ರಿವಾಲ್ವರ್. ಗುಂಡು ಅದರದ್ದೇ ಅಂದರು ಸರ್ಕಾರಿ ತಜ್ಞರು. ಅದನ್ನು ಅಲ್ಲಗಳೆಯುವ ತಜ್ಞರ ಖರ್ಚಿಗೆ ಸರ್ಕಾರದಿಂದ ಸಾವಿರ ಡಾಲರ್ ಮೀರಿ ಸಿಗದು ಅಂತ ನಮ್ಮ ವಕೀಲ ಸಾಹೇಬರ ನಂಬಿಕೆ. ಆ ಮಿತಿ ಆಗಲೇ ಹೋಗಿತ್ತು, ಕಾನೂನು ಪುಸ್ತಕ ತೆರೆದು ನೋಡಬಾರದೇ! ಅಷ್ಟು ದುಡ್ಡಿಗೆ ಸಿಕ್ಕಿದ್ದು ಒಂದೇ ಕಣ್ಣಿನ ತಜ್ಞ. ಪಾಪ, ಮೈಕ್ರೋಸ್ಕೋಪ್ ನೋಡಲು ಆತ ಪರದಾಡಿದ್ದನ್ನು ಎದುರು ಪಕ್ಷದ ವಕೀಲ ಜೂರಿ ಮುಂದೆ ಎತ್ತಿ ಆಡಿದ. ಮರಣದಂಡನೆಯಾಯಿತು. ಮುಂದೆ ವಕೀಲ ಬ್ರಯಾನ್ ಸ್ಟೀವನ್‌ಸನ್ ಹಿಡಿದ ಪಟ್ಟು ಬಿಡಲಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ಆ ಸಾವಿರ ಡಾಲರಿನ ತಪ್ಪನ್ನೇ ಎತ್ತಿ ತೋರಿಸಿತು. 2015ರ ಏಪ್ರಿಲ್‌ನಲ್ಲಿ ಹಿಂಟನ್ ಹೊರಬಂದರು.