ಎಲ್ಲರಿಗೂ 20ಕ್ಕೆ 20 ಬಂದರೆ, ಕಲಿತದ್ದು ಯಾರು?

ಟೀಚರ್, ಏಳನೇ ತರಗತಿಯ ಆನ್‌ಲೈನ್ ಗಣಿತ ಪಾಠದಲ್ಲಿ ಗೂಗಲ್ ಫಾರ್ಮ್ ಪರೀಕ್ಷೆ ಕೊಟ್ಟರೆ ಎಲ್ಲರಿಗೂ ಪೂರ್ತಿ ಅಂಕ ಬರುತ್ತದೆ, ನಿಜವಾಗಿ ಕಲಿತವರನ್ನು ಗುರುತಿಸುವುದು ಹೇಗೆ ಎಂದು ಕೇಳಿದ್ದೀರಿ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮದ ಮಕ್ಕಳಿಗೆ ಕಲಿಸುತ್ತೇನೆ. 2020ರ ಜೂನ್ 1ಕ್ಕೆ ಕೇರಳ ಸರ್ಕಾರದ ಶಿಕ್ಷಣ ಚಾನೆಲ್ ವಿಕ್ಟರ್ಸ್‌ನಲ್ಲಿ ‘ಫಸ್ಟ್ ಬೆಲ್’ ಎಂಬ ಆನ್‌ಲೈನ್ ಪಾಠಗಳು ಶುರುವಾದವಲ್ಲ, ಆ ವರ್ಷ ನನಗೂ ಇದೇ ಕಷ್ಟ. ಒಬ್ಬರ ಉತ್ತರ ವಾಟ್ಸಾಪ್‌ನಲ್ಲಿ ಎಲ್ಲರಿಗೂ ಹೋಗುತ್ತಿತ್ತು.

ಆಮೇಲೆ ಉತ್ತರ ಕೇಳುವುದನ್ನು ಬಿಟ್ಟೆ. ತಪ್ಪು ಹುಡುಕಲು ಹೇಳಿದೆ. ‘1/2 + 1/3 = 2/5 ಎಂದು ಒಬ್ಬ ಬರೆದಿದ್ದಾನೆ. ಯಾಕೆ ಸರಿಯಲ್ಲ? ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ.’ ಒಬ್ಬಳು ತುಳುವಿನಲ್ಲಿ ಹೇಳಿದಳು: ಅರ್ಧ ಕಿಲೋ ಅಡಿಕೆಗೆ ಇನ್ನಷ್ಟು ಸೇರಿಸಿದರೆ ಅರ್ಧ ಕಿಲೋಕ್ಕಿಂತ ಕಡಿಮೆ ಆಗುವುದು ಹೇಗೆ? ಛೇದ ಸಮ ಮಾಡುವ ಕ್ರಮ ಅವಳಿಗೆ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಆದರೆ ಭಿನ್ನರಾಶಿ ಅಂದರೆ ಏನು ಎಂದು ಗೊತ್ತಿತ್ತು. 20ಕ್ಕೆ 20 ನೋಡಿದರೆ ಇದು ತಿಳಿಯುತ್ತಿತ್ತಾ?

ಕನ್ನಡದಲ್ಲೇ ಹೇಳಬೇಕು ಎಂದು ಮಾತ್ರ ಹಠ ಮಾಡಬೇಡಿ. ನಮ್ಮಲ್ಲಿ ಮನೆಮಾತು ತುಳು, ಮಲಯಾಳ, ಮರಾಠಿ, ಬ್ಯಾರಿ ಹೀಗೆ ಬೇರೆ ಬೇರೆ ಅಲ್ವಾ. ಭಾಷೆ ತಡವರಿಸಿದರೆ ಲೆಕ್ಕ ಬರುವುದಿಲ್ಲ ಎಂದು ನಾವೇ ತಪ್ಪು ತಿಳಿಯುತ್ತೇವೆ. ವಾಯ್ಸ್ ಮೆಸೇಜ್ ಆದರೆ ನೆಟ್ ಸಿಕ್ಕಾಗ ಕಳಿಸಬಹುದು, ಗುಡ್ಡದ ಮೇಲಿನ ಮನೆಯ ಮಗುವೂ ಹೊರಗುಳಿಯುವುದಿಲ್ಲ.

ಫಾರ್ಮ್ ಇರಲಿ, ಅಂಕ ಬೇಡ. ಮಕ್ಕಳು ಜಾಸ್ತಿ ಮಾಡುವ ತಪ್ಪುಗಳನ್ನೇ ಆಯ್ಕೆಗಳಾಗಿ ಇಡಿ. ಅಂಕ ತೆಗೆದ ಮೇಲೆ ನನ್ನ ಮಕ್ಕಳು ನಕಲು ಮಾಡುವುದು ಕಡಿಮೆಯಾಯಿತು. ಎಲ್ಲರ ವಾಯ್ಸ್ ಮೆಸೇಜನ್ನೂ ಒಂದೇ ದಿನ ಕೇಳಲು ಹೋಗಬೇಡಿ, ದಿನಕ್ಕೆ ಐದಾರು ಸಾಕು.